ಗೋಕಾಕದ ಸೇತುವೆಯಿಂದ ಇನ್ನೊಬ್ಬ ಸೂರ್ಯನವರೆಗೆ

ಗೋಕಾಕವೆಂದೊಡನೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಬೆಂಗಳೂರಿನ ಕಡೆಯವರಿಗೆ ಚಳವಳಿ ನೆನಪಾಗುತ್ತದೆ. ಆ ಚಳವಳಿಗೆ ಹೆಸರು ಬರಲು ಕಾರಣರಾದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಇಲ್ಲಿ ಅಲ್ಲ, ಸವಣೂರಿನಲ್ಲಿ ಎಂದರೆ ಅವರು ಹುಬ್ಬೇರಿಸುತ್ತಾರೆ. ಮಕ್ಕಳಿಗೆ ಕರದಂಟು, ಪ್ರವಾಸಿಗಳಿಗೆ ಜಲಪಾತ. ನನಗಾದರೋ ಗೋಕಾಕವೆಂದರೆ ಮೊದಲು ಆಕಾಶ, ಉಳಿದುದೆಲ್ಲ ಆಮೇಲೆ.

ಇದಕ್ಕೆ ಕಾರಣವಾದದ್ದು 1980ನೆಯ ಇಸವಿ. ಆ ವರ್ಷ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಅಂಕೋಲೆಯ ಕಡಲತೀರದಿಂದ ನೆಲವನ್ನೇರಿದ ಚಂದ್ರನ ನೆರಳು ಹುಬ್ಬಳ್ಳಿಯನ್ನು ಹಾದು ರಾಯಚೂರಿನ ಸೀಮೆಯತ್ತ ಹರಿಯಿತು. ನಾವು ಹುಬ್ಬಳ್ಳಿಯವರು. ನನಗಾಗ ಹತ್ತು ವರ್ಷ. ಅಂದು ಮಧ್ಯಾಹ್ನದಿಂದಲೇ ಓಣಿಗಳು ಬಿಕೋ ಎನ್ನುತ್ತಿದ್ದವು. ಕಿಟಕಿಗಳಿಗೆ ಗೋಣಿತಟ್ಟು ಬಿಗಿದಿದ್ದರು. ಅವ್ವ ನಮ್ಮನ್ನೆಲ್ಲ ಒಳಗೆ ಕೂಡಿಸಿ ಅಗಳಿ ಹಾಕಿದಳು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಇಳಿಹೊತ್ತಿನಲ್ಲಿ ಅವರು ಮೆಲ್ಲನೆ ಅಗಳಿ ತೆಗೆದು, ನನ್ನ ಕೈ ಹಿಡಿದು ಮಾಳಿಗೆಗೆ ಕರೆದೊಯ್ದರು. ಎರಡು ನಿಮಿಷಕ್ಕೆ ತುಸು ಮೇಲ್ಪಟ್ಟು ಹಗಲಿನಲ್ಲಿ ಇರುಳಾಯಿತು. ಕಪ್ಪು ಬಿಲ್ಲೆಯ ಸುತ್ತ ಬೆಳ್ಳನೆಯ ಪ್ರಭೆ, ಪಕ್ಕದಲ್ಲಿ ಶುಕ್ರ. ಆ ಬಳಿಕ ಅವ್ವ ಎಂಟು ದಿನ ಅಪ್ಪನೊಡನೆ ಮಾತನಾಡಲಿಲ್ಲ.

ಆ ಮುನಿಸು ಪೂರ್ತಿ ಕರಗಿದ್ದು ಬೇಸಿಗೆಯ ರಜೆಯಲ್ಲಿ, ಗೋಕಾಕದಲ್ಲಿ. ನನ್ನ ಸೋದರಮಾವನ ಮನೆ ಜಲಪಾತದ ಸಮೀಪದ ಕೊಣ್ಣೂರಿನಲ್ಲಿತ್ತು. ಮೀಟರ್‌ಗೇಜಿನ ರೈಲಿನಲ್ಲಿ ಲೋಂಡಾ, ಬೆಳಗಾವಿಗಳನ್ನು ದಾಟಿ ಗೋಕಾಕ ರೋಡ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಮೇ ತಿಂಗಳಲ್ಲಿ ಜಲಪಾತವನ್ನು ನೋಡಲು ಹೋಗುವವರು ಜಾಣರಲ್ಲ. ಮಳೆಗಾಲದಲ್ಲಿ ಘಟಪ್ರಭೆಯು ಕೆಂಪು ನೀರನ್ನು ಹೊತ್ತು ತಂದು, ಕುದುರೆಲಾಳದಾಕಾರದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ನೋಟವನ್ನು ಕಂಡವರು ಬೇಸಿಗೆಯಲ್ಲಿ ಅದೇ ಬಂಡೆಯ ಮೇಲೆ ಅಲ್ಲಲ್ಲಿ ಇಳಿಯುವ ಎಳೆಗಳನ್ನು ಕಂಡು ನಿರಾಶರಾಗುವುದು ಸಹಜ. ಆದರೆ ಕಲ್ಲಿನ ಪದರಗಳು, ದಂಡೆಯ ಮೇಲಿನ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, 1887ರಲ್ಲಿಯೇ ಈ ನೀರಿನ ಬಲವನ್ನು ಯಂತ್ರಗಳಿಗೆ ಹೂಡಿದ ನೂಲಿನ ಗಿರಣಿ, ಇವು ಕಣ್ಣಿಗೆ ಚೆನ್ನಾಗಿ ಬೀಳುವುದು ನೀರಿನ ಗದ್ದಲವಿಲ್ಲದಾಗಲೇ. ಎಲ್ಲಕ್ಕಿಂತ ಮುಖ್ಯವಾಗಿ, ತೂಗುಸೇತುವೆ.

ಜಲಪಾತದ ಮೇಲ್ಗಡೆ ನದಿಯ ಈ ದಂಡೆಯಿಂದ ಆ ದಂಡೆಗೆ ಸುಮಾರು 200 ಮೀಟರ್ ಉದ್ದಕ್ಕೆ ಹಗ್ಗದಂತೆ ತೂಗುವ ಈ ಸೇತುವೆಯ ಮೇಲೆ ಮಾವ ನಮ್ಮೊಡನೆ ಒಂದು ಆಟವಾಡಿದರು. ನಡುವೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, "ಈಗ ಹೇಳ್ರಿ ನೋಡೂಣು, ಸೇತುವಿ ಮ್ಯಾಲೆ ಎಷ್ಟು ಮಂದಿ ಬರಾಕತ್ತಾರ?" ಎಂದು ಕೇಳುತ್ತಿದ್ದರು. ಹೆಜ್ಜೆಯ ಸದ್ದು ಕೇಳಿಸದಷ್ಟು ದೂರದಲ್ಲಿ ನಡೆದುಬರುವವನ ಭಾರಕ್ಕೆ ನಮ್ಮ ಕಾಲಡಿಯ ಹಲಗೆ ಮೆಲ್ಲಗೆ ಏರಿಳಿಯುತ್ತಿತ್ತು. ದೊಡ್ಡವರು ಬಂದರೆ ನಿಧಾನವಾದ ದೊಡ್ಡ ತೂಗು. ಹುಡುಗರು ಬಂದರೆ ಚುರುಕಾದ ಸಣ್ಣ ನಡುಕ. ಇಬ್ಬರೂ ಒಟ್ಟಿಗೆ ಬಂದರೆ ತೂಗಿನ ಮೇಲೊಂದು ನಡುಕ. ನಾಲ್ಕಾರು ಸಲ ಆಡಿದ ಮೇಲೆ ನಾನು ತಪ್ಪದೆ ಹೇಳತೊಡಗಿದೆ. ಆಟ ಮುಗಿಯಿತು, ಅದರ ಅರ್ಥ ಮಾತ್ರ ಹದಿನಾರು ವರ್ಷಗಳ ತರುವಾಯ ತಿಳಿಯಿತು.

ಅಂದು ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ವಿದ್ಯುತ್ತು ಹೋಗಿತ್ತು, ಆ ಕಾಲದಲ್ಲಿ ಅದು ವಿಶೇಷವಲ್ಲ. ನೆತ್ತಿಯ ಸುತ್ತಿನಲ್ಲಿ ಸಿಂಹರಾಶಿ, ಅದರಲ್ಲಿ ಗುರು, ಕುಜ, ಶನಿ ಮೂವರೂ ನೆರೆದಿದ್ದರು. ಅವ್ವನಿಗೆ ಇದು ಗಾಬರಿಯ ಸಂಗತಿಯಾಗಿದ್ದರೆ ಅಪ್ಪನಿಗೆ ಹಬ್ಬ. ಹಿಂದಿನ ವರ್ಷ ಮಾರ್ಚಿನಲ್ಲಿ ಗುರುವನ್ನು ಹಾದುಹೋದ ವಾಯೇಜರ್ ನೌಕೆಯು ಬರುವ ನವೆಂಬರಿನಲ್ಲಿ ಶನಿಯನ್ನು ಮುಟ್ಟಲಿದೆ ಎಂಬುದನ್ನು ಅವರು ಊರ ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದರು. ಬಳಿಕ ಉತ್ತರಕ್ಕೆ ತಿರುಗಿ ಸಪ್ತರ್ಷಿಗಳನ್ನು ತೋರಿಸಿದರು: ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ. "ಅರುಂಧತಿ ಕಾಣಸ್ತೇನು?" ಎಂದು ಅವ್ವನನ್ನು ಕೇಳಿದರು. ಮದುವೆಯ ದಿನ ಕಂಡಿರಲಿಲ್ಲವೆಂದೂ ಭಟ್ಟರಿಗಂಜಿ ಕಂಡೆನೆಂದಿದ್ದಳೆಂದೂ ಅವ್ವ ಆಗ ಒಪ್ಪಿಕೊಂಡಳು. ಮಾತು ಮತ್ತೆ ಆರಂಭವಾದುದು ಹೀಗೆ.

ನಾನು ಕೇಳಿದ ಪ್ರಶ್ನೆ ಒಂದೇ: "ಅಪ್ಪಾ, ನಮ್ಮ ಸೂರ್ಯಾಗ ಇದ್ಧಾಂಗ ಆ ಚಿಕ್ಕಿಗೋಳಿಗೂ ಗ್ರಹ ಇರ್ತಾವೇನು?"

ಅಪ್ಪ ಕೊಂಚ ಹೊತ್ತು ಸುಮ್ಮನಿದ್ದರು. "ಇರಬೇಕಪಾ. ಸೂರ್ಯಾನೂ ಒಂದು ಚಿಕ್ಕೀನ ಅಲ್ಲೇನು? ಆದರ ಇನ್ನೂತನಾ ಯಾರೂ ಕಂಡಿಲ್ಲ. ಕಾಣದ್ದಕ್ಕ ಹೌದು ಅನ್ನಬಾರದು."

ಅವರ ಬಳಿ ಒಂದು ಹಳೆಯ ಪತ್ರಿಕೆಯ ತುಣುಕಿತ್ತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತನ್ನು ಕಾದು, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಎಂಬ ವಿಜ್ಞಾನಿಗಳು ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಕುಳಿತಿದ್ದರು. ಗ್ರಹವು ನಕ್ಷತ್ರದ ಸಮೀಪಕ್ಕೆ ಬರುವುದಕ್ಕೆ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿತು. ಹೊಸದೊಂದು ಉಪಗ್ರಹ ಅಡ್ಡ ಬಂದಿರಬೇಕೆಂದು ಅವರು ಮೊದಲು ಬರೆದರು. ಅದೇ ರಾತ್ರಿ ವಿಮಾನದಲ್ಲಿಟ್ಟ ದೂರದರ್ಶಕದಿಂದ ನೋಡುತ್ತಿದ್ದ ಅಮೆರಿಕದ ವಿಜ್ಞಾನಿಗಳು ಅಲ್ಲಿರುವುದು ಉಂಗುರಗಳೆಂದು ಕಂಡುಕೊಂಡರು. ಅಪ್ಪನಿಗೆ ಇದರಲ್ಲಿ ಮೆಚ್ಚುಗೆಯಾದದ್ದು ಗೆಲುವು ಸೋಲುಗಳಲ್ಲ; ಕಾಣದ ವಸ್ತುವನ್ನು ಬೆಳಕಿನ ಕುಗ್ಗುವಿಕೆಯಿಂದ ಹಿಡಿಯಬಹುದೆಂಬ ಮಾತು. ಆದರೆ ಯುರೇನಸ್ ನಮ್ಮ ಮನೆಯ ಗ್ರಹ. ಬೇರೆ ಸೂರ್ಯರ ಗ್ರಹಗಳನ್ನು ಕಾಣುವುದು ತಮ್ಮ ಆಯುಷ್ಯದಲ್ಲಿ ಆಗಲಾರದೆಂದೇ ಅವರು ನಂಬಿದ್ದರು. ಅವರು ತೀರಿಕೊಂಡದ್ದು 1993ರಲ್ಲಿ.

ಎರಡು ವರ್ಷ ಕಳೆದು, 1995ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕ್ವೆಲೋಜ್ ಎಂಬ ಇಬ್ಬರು ಸೂರ್ಯನಂಥದೇ ಒಂದು ನಕ್ಷತ್ರದ ಸುತ್ತ ಗ್ರಹವನ್ನು ಕಂಡುದಾಗಿ ಸಾರಿದರು. (ಇದಕ್ಕಾಗಿ ಅವರಿಗೆ 2019ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.) ಅದು ಗುರುವಿನ ಗಾತ್ರದ್ದಾದರೂ ನಾಲ್ಕೇ ದಿನಗಳಲ್ಲಿ ತನ್ನ ಸೂರ್ಯನನ್ನು ಸುತ್ತುವ, ಕಾದ ಹಂಚಿನಂಥ ಗ್ರಹ. ನಮ್ಮ ಮನೆತನಕ್ಕೂ ಅದಕ್ಕೂ ಹೋಲಿಕೆಯಿಲ್ಲ. ನಿಜವಾಗಿ ನನ್ನ ಮನಸ್ಸನ್ನು ಕಲಕಿದ ಸುದ್ದಿ ಬಂದದ್ದು ಮೂರು ತಿಂಗಳ ಬಳಿಕ, 1996ರ ಜನವರಿಯಲ್ಲಿ. ಅಮೆರಿಕದ ಬಟ್ಲರ್ ಮತ್ತು ಮಾರ್ಸಿ ಎಂಬವರು ಎಂಟು ವರ್ಷಗಳಿಗೂ ಹೆಚ್ಚು ಕಾಲ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ಕೂಡಿಟ್ಟ ಲೆಕ್ಕದಿಂದ, ಒಂದು ಸೂರ್ಯಸದೃಶ ತಾರೆಯ ಸುತ್ತ ಸುಮಾರು ಮೂರು ವರ್ಷಕ್ಕೊಮ್ಮೆ ಬಹುಮಟ್ಟಿಗೆ ದುಂಡಗಿನ ಹಾದಿಯಲ್ಲಿ ಸುತ್ತುವ ದೈತ್ಯಗ್ರಹವಿದೆಯೆಂದು ತೋರಿಸಿದರು. ತೂಕ ಕಡಿಮೆಯೆಂದರೂ ನಮ್ಮ ಗುರುವಿನ ಎರಡೂವರೆ ಪಟ್ಟು. ತಾರೆ ಇದ್ದುದು ಸಪ್ತರ್ಷಿಗಳ ಬಳಿಯಲ್ಲಿ! ಪಾಶ್ಚಾತ್ಯರು ದೊಡ್ಡ ಕರಡಿ ಎನ್ನುವ ಮಂಡಲದಲ್ಲಿ ಅದರ ಕ್ರಮಸಂಖ್ಯೆ 47. ಅಂದು ಮಾಳಿಗೆಯ ಮೇಲೆ ಅಪ್ಪ ಬೆರಳು ಚಾಚಿದ ದಿಕ್ಕಿನಲ್ಲಿಯೇ ನನ್ನ ಪ್ರಶ್ನೆಗೆ ಉತ್ತರವಿತ್ತು, ಇಬ್ಬರಿಗೂ ತಿಳಿದಿರಲಿಲ್ಲ.

ಅವರು ಗ್ರಹವನ್ನು ಕಣ್ಣಾರೆ ಕಂಡಿರಲಿಲ್ಲ. ಮಾವನ ಆಟವನ್ನೇ ಆಡಿದ್ದರು. ಗ್ರಹವು ಸೂರ್ಯನನ್ನು ಸುತ್ತುತ್ತದೆಯೆಂದು ನಾವು ಹೇಳುವುದು ರೂಢಿ. ನಿಜವಾಗಿ ಎರಡೂ ತಮ್ಮ ನಡುವಿನ ತೂಕದ ಕೇಂದ್ರವನ್ನು ಸುತ್ತುತ್ತವೆ. ಸೂರ್ಯನು ಭಾರಿಯಾದುದರಿಂದ ಅವನ ತೂಗಾಟ ಅತ್ಯಲ್ಪ. ನಕ್ಷತ್ರವು ನಮ್ಮತ್ತ ತೂಗಿದಾಗ ಅದರ ಬೆಳಕಿನ ರೋಹಿತದಲ್ಲಿರುವ ಕಪ್ಪು ಗೆರೆಗಳು ನೀಲಿಯತ್ತ ಎಳ್ಳಷ್ಟು ಸರಿಯುತ್ತವೆ; ದೂರ ತೂಗಿದಾಗ ಕೆಂಪಿನತ್ತ. ನಿಲ್ದಾಣಕ್ಕೆ ಬರುವ ರೈಲಿನ ಸಿಳ್ಳು ಏರುದನಿಯಾಗಿಯೂ ಹೋಗುವ ರೈಲಿನದು ಇಳಿದನಿಯಾಗಿಯೂ ಕೇಳಿಸುವಂತೆಯೇ ಇದು. 47ನೆಯ ತಾರೆಯ ತೂಗಾಟದ ವೇಗ ಸೆಕೆಂಡಿಗೆ ಸುಮಾರು 48 ಮೀಟರ್, ಎಂದರೆ ಗಂಟೆಗೆ 170 ಕಿಲೋಮೀಟರುಗಳಷ್ಟು. ಈ ಕಾಲದ ವೇಗದ ರೈಲಿಗೆ ಅದೇನೂ ದೊಡ್ಡದಲ್ಲ. ಆದರೆ ಬೆಳಕಿನ ವೇಗಕ್ಕೆ ಹೋಲಿಸಿದರೆ ಅರುವತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಗೆರೆಗಳು ಸರಿಯುವುದೂ ಅಷ್ಟೇ. ಅದನ್ನು ವರ್ಷಗಟ್ಟಲೆ ಅಳೆದರು.

2001ರಲ್ಲಿ, ದೊಡ್ಡ ತೂಗಿನ ಮೇಲೆ ಸಣ್ಣದೊಂದು ನಡುಕವೂ ಇರುವುದು ಪತ್ತೆಯಾಯಿತು. ಎರಡನೆಯ ದೈತ್ಯ, ತೂಕದಲ್ಲಿ ಗುರುವಿನ ಅರ್ಧಕ್ಕಿಂತ ತುಸು ಹೆಚ್ಚು, ಒಂದು ಸುತ್ತಿಗೆ ಆರೂವರೆ ವರ್ಷ. ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ತೂಕದ ಅಂತರ ಹೆಚ್ಚುಕಡಮೆ ನಮ್ಮ ಗುರು ಶನಿಗಳ ನಡುವಿನ ಅಂತರದಂತೆಯೇ ಇತ್ತು. 2010ರಲ್ಲಿ ಇನ್ನೂ ಹೊರಗಿನ ಮೂರನೆಯದೊಂದನ್ನು ಲೆಕ್ಕದಿಂದ ಕಂಡುಹಿಡಿದರು. ಅದಕ್ಕೆ ಒಂದು ಸುತ್ತು ಮುಗಿಸಲು ನಾಲ್ಕು ದಶಕಗಳಷ್ಟು ಕಾಲ ಬೇಕಾಗುವುದರಿಂದ ಅದರ ವಿವರಗಳು ಇನ್ನೂ ಗಟ್ಟಿಯಾಗಬೇಕಾಗಿವೆ.

ಈ ತಾರೆಗೆ 2015ರಲ್ಲಿ ಥಾಯ್ಲೆಂಡಿನವರು ಚಾಲವನ್ ಎಂದು ಹೆಸರಿಟ್ಟರು. ಅವರ ಜನಪದ ಕತೆಯ ಮೊಸಳೆರಾಜನ ಹೆಸರು ಅದು. ಮೊದಲೆರಡು ಗ್ರಹಗಳಿಗೆ ಕತೆಯಲ್ಲಿ ಬರುವ ಅಕ್ಕತಂಗಿಯರ ಹೆಸರುಗಳು: ತಾಫಾವ್ ಥೋಂಗ್, ತಾಫಾವ್ ಕ್ಯಾವ್. ಋಷಿಗಳ ನೆರೆಯಲ್ಲಿ ಮೊಸಳೆಯೇ ಎಂದು ನಮ್ಮವರು ಮೂಗು ಮುರಿಯಬೇಕಾಗಿಲ್ಲ. ಘಟಪ್ರಭೆ ಹೋಗಿ ಸೇರುವ ಕೃಷ್ಣೆಯಲ್ಲಿ ಮೊಸಳೆಗಳೇನು ಕಡಮೆಯೆ?

ಕಳೆದ 2025ರ ಮೇ ತಿಂಗಳಲ್ಲಿ, ನಾಲ್ವತ್ತೈದು ವರ್ಷಗಳ ತರುವಾಯ, ನಾನು ಅವ್ವನನ್ನು ಕರೆದುಕೊಂಡು ಮತ್ತೆ ಗೋಕಾಕಕ್ಕೆ ಹೋದೆ. ಮಾವನೂ ಈಗಿಲ್ಲ. ಅವರ ಮಗನ ಮನೆಯಲ್ಲೊಂದು ಮಂಗಲಕಾರ್ಯ. ಅವ್ವನಿಗೆ ಎಂಬತ್ತೆರಡು, ಎರಡೂ ಕಣ್ಣುಗಳ ಪೊರೆ ತೆಗೆಸಿಯಾಗಿದೆ. ನಾನು ಆ ತಿಂಗಳನ್ನೇ ಆರಿಸಿದ್ದಕ್ಕೆ ಬೇರೊಂದು ಕಾರಣವಿತ್ತು, ಅದನ್ನು ಅವ್ವನಿಗೆ ಹೇಳಿರಲಿಲ್ಲ. ಆ ತಾರೆಯ ದೂರ 45 ಬೆಳಕಿನ ವರ್ಷಗಳಿಗೆ ತುಸು ಮೇಲೆ. ಎಂದರೆ, 1980ರ ಆರಂಭದಲ್ಲಿ, ಹೆಚ್ಚುಕಡಮೆ ಅಪ್ಪ ಅಗಳಿ ತೆಗೆದು ನನ್ನನ್ನು ಮಾಳಿಗೆಗೆ ಕರೆದೊಯ್ದ ಗ್ರಹಣದ ದಿನಗಳಲ್ಲಿ, ಅಲ್ಲಿಂದ ಹೊರಟ ಬೆಳಕು ಈ ಮೇ ತಿಂಗಳಿನಲ್ಲಿ ನಮ್ಮನ್ನು ಮುಟ್ಟಬೇಕು.

ಪೇಟೆಯಲ್ಲಿ ಮಾವನ ಮೊಮ್ಮಗಳಿಗಾಗಿ ಗೋಕಾಕದ ಮರದ ಹಣ್ಣುಗಳನ್ನು ಕೊಂಡೆವು. ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಕೊಟ್ಟ ಈ ಮಾವು, ಬಾಳೆ, ಬದನೆಗಳು ಕೈಗೆ ತೆಗೆದುಕೊಳ್ಳುವವರೆಗೆ ನಿಜವೆಂದೇ ತೋರುತ್ತವೆ. ಹುಡುಗಿಗೆ ಒಂಬತ್ತು ವರ್ಷ. ಕಿತ್ತಳೆಯನ್ನು ಹಿಡಿದುಕೊಂಡು ಬಂದಳು. ಅವ್ವನನ್ನು ನಡೆಸಲಾರದೆ ಸೇತುವೆಯ ಮೇಲೆ ಹೋಗಲಿಲ್ಲ. ಜಲಪಾತದ ದಂಡೆಯಲ್ಲಿ ಕುಳಿತು ನಾವು ಆ ಕಿತ್ತಳೆಯನ್ನೇ ಸೂರ್ಯನನ್ನಾಗಿ ಮಾಡಿದೆವು. ನಾಲ್ಕು ಅಂಗುಲದ ಕಿತ್ತಳೆ ಸೂರ್ಯನಾದರೆ ಭೂಮಿ ಹನ್ನೊಂದು ಮೀಟರ್ ಆಚೆಯ ಒಂದು ಗಸಗಸೆಯ ಕಾಳು. (ಗಸಗಸೆಗೆ ಬರವಿರಲಿಲ್ಲ, ಕರದಂಟಿನ ಪೊಟ್ಟಣ ಕೈಯಲ್ಲೇ ಇತ್ತು.) ಗುರುವು 56 ಮೀಟರ್ ದೂರದ ಬಟಾಣಿ. ಶನಿ 103 ಮೀಟರ್, ಎಂದರೆ ಸೇತುವೆಯ ನಟ್ಟನಡುವೆ. ಯುರೇನಸ್ ಸೇತುವೆಯ ಆಚೆಯ ತುದಿ. ನೆಪ್ಚೂನಿಗೆ ಸೇತುವೆ ಸಾಲದು. ಇದೇ ಅಳತೆಯಲ್ಲಿ ಚಾಲವನ್ನನ ಹಿರಿಯ ಗ್ರಹ 23 ಮೀಟರ್, ಎರಡನೆಯದು 39 ಮೀಟರ್, ಮೂರನೆಯದು 125 ಮೀಟರ್ ದೂರ. ಮೂರೂ ಸೇತುವೆಯೊಳಗೇ ಸಿಕ್ಕುತ್ತವೆ.

"ಹಂಗಾದ್ರ ಆ ಕಿತ್ತಳಿ ಎಲ್ಲಿಡೂದು ಮಾಮಾ? ಆಚೀ ದಂಡ್ಯಾಗೇನು?" ಎಂದಳು ಹುಡುಗಿ.

ಲೆಕ್ಕ ಹಾಕಿ ಹೇಳಿದೆ. ಮೂವತ್ತು ಸಾವಿರ ಕಿಲೋಮೀಟರಿಗೂ ಆಚೆ. ಭೂಮಿಯ ಮುಕ್ಕಾಲು ಸುತ್ತಿಗಿಂತ ಹೆಚ್ಚು. ಅಷ್ಟು ದೂರದ ಒಂದು ಕಿತ್ತಳೆಯು ತನ್ನ ಬಟಾಣಿಯ ಸೆಳೆತಕ್ಕೆ ಕೇವಲ ಐದು ಸೆಂಟಿಮೀಟರ್ ಅತ್ತಿತ್ತ ತೂಗುತ್ತಿರುವುದನ್ನೇ ಆ ಜನ ಬೆಳಕಿನ ಗೆರೆಗಳಲ್ಲಿ ಓದಿಕೊಂಡದ್ದು. ಹುಡುಗಿ ಕಿತ್ತಳೆಯನ್ನೂ ನನ್ನನ್ನೂ ಒಂದಿಷ್ಟು ಸಂಶಯದಿಂದ ನೋಡಿದಳು.

ಮೊದಲ ರಾತ್ರಿ ಕೆಲಸ ಕೆಟ್ಟಿತು. ಸಂಜೆಗೆ ಮೋಡ ಕಟ್ಟಿ, ಗುಡುಗಿ, ಅಡ್ಡಮಳೆ ಸುರಿಯಿತು. ಒಕ್ಕಲಿಗರಿಗೆ ಅದರಿಂದ ಸಂತೋಷವೇ ಆಗಿರಬೇಕು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಆದರೆ ಮಾಳಿಗೆಯ ಮೇಲೆ ನಿಂತರೆ ಸುತ್ತಲಿನ ದೀಪಗಳ ಮಬ್ಬಿನಲ್ಲಿ ಸಪ್ತರ್ಷಿಗಳೇ ತಡವರಿಸಿ ಕಾಣುತ್ತಿದ್ದರು. ಐದನೆಯ ತರಗತಿಯ ಈ ನಸುತಾರೆಯ ಮಾತೇನು? ವಿದ್ಯುತ್ತು ಹೋಗಲೆಂದು ನಾನು ಹಾರೈಸಿದ್ದು ಅದೇ ಮೊದಲು, ಅದು ಹೋಗಲಿಲ್ಲ. ಕೊನೆಗೆ ಅವ್ವನನ್ನು ಕಾರಿನಲ್ಲಿ ಕೂಡಿಸಿಕೊಂಡು, ಒಂದು ಮಡಚುಕುರ್ಚಿ ಹಾಕಿಕೊಂಡು, ಊರಾಚೆಯ ಕಲ್ಲುಬೋರೆಯ ಮರೆಗೆ ಹೋದೆವು.

ನೋಡಬೇಕೆನ್ನುವ ಓದುಗರಿಗೆ ಗುರುತು ಕೊಡುತ್ತೇನೆ, ಕಷ್ಟವಿಲ್ಲ. ಚೈತ್ರ ವೈಶಾಖಗಳ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ನಿಲ್ಲಿ. ಸಪ್ತರ್ಷಿಗಳ ಮೊದಲಿಬ್ಬರಾದ ಕ್ರತು ಪುಲಹರ ನೇರದಲ್ಲಿ ಕೆಳಗಿಳಿದರೆ ಧ್ರುವನು ಸಿಕ್ಕುವನೆಂಬುದು ಎಲ್ಲರಿಗೂ ಗೊತ್ತು. ಗೋಕಾಕದಲ್ಲಿ ಧ್ರುವನು ದಿಗಂತದಿಂದ ಹದಿನಾರು ಅಂಶಗಳಷ್ಟೇ ಮೇಲಿರುತ್ತಾನೆ. ಈಗ ಅದೇ ಗೆರೆಯನ್ನು ವಿರುದ್ಧವಾಗಿ, ನೆತ್ತಿಯ ಕಡೆಗೆ, ಎಳೆಯಿರಿ. ಕ್ರತು ಪುಲಹರ ನಡುವಿನ ಅಂತರದ ಮೂರು ಪಟ್ಟು ಪುಲಹನಿಂದ ಮೇಲೇರಿದರೆ ಚಾಲವನ್. ಅದರ ಕೆಳಗೆ ಕೊಂಚ ಬಲಕ್ಕೆ ಅದಕ್ಕಿಂತ ಉಜ್ವಲವಾದ ಇನ್ನೊಂದು ತಾರೆಯಿದೆ. ಅದನ್ನು ಹಿಡಿದುಕೊಂಡರೆ ದಾರಿ ತಪ್ಪದು. ಕತ್ತಲೆ ಗಾಢವಾಗಿದ್ದರೆ ಬರಿಗಣ್ಣಿಗೇ ಕಾಣಬೇಕು. ಇಲ್ಲವಾದರೆ ಕೈದುರ್ಬೀನು ಸಾಕು.

ಕಂಡಿತು. ಹಳದಿ ಛಾಯೆಯ ಒಂದು ಚುಕ್ಕೆ, ಅಷ್ಟೇ. ಗ್ರಹಗಳಂತೂ ಯಾವ ದುರ್ಬೀನಿಗೂ ಕಾಣುವಂಥವಲ್ಲ. ಅವು ಅನಿಲದ ಗೋಳಗಳು. ಕಾಲೂರಲು ಅಲ್ಲಿ ನೆಲವಿಲ್ಲ. ಇನ್ನೂ ಒಳಗಿನ ಹಾದಿಯಲ್ಲಿ ನಮ್ಮದರಂಥ ಗಸಗಸೆಯ ಕಾಳೊಂದು ಇರಬಹುದೇ ಎಂದರೆ, ಅದನ್ನು ಕಂಡವರಿಲ್ಲ. ಕಾಣದ್ದಕ್ಕೆ ಹೌದು ಎನ್ನಬಾರದು.

ಅವ್ವನ ಕೈಗೆ ದುರ್ಬೀನು ಕೊಟ್ಟೆ. ಕೈ ನಡುಗುತ್ತಿದ್ದುದರಿಂದ ಹಿಂದೆ ನಿಂತು ನಾನೇ ಹಿಡಿದುಕೊಂಡೆ. ಬಹಳ ಹೊತ್ತು ನೋಡಿದಳು. ಆಗಲೇ ಹೇಳಿದೆ: ಇದು ಆ ಗ್ರಹಣದ ಸುಮಾರಿಗೆ ಅಲ್ಲಿಂದ ಹೊರಟ ಬೆಳಕು, ಇವತ್ತು ಬಂದು ಮುಟ್ಟುತ್ತಿದೆ.

"ಅಷ್ಟು ವರ್ಷ ಹಾದ್ಯಾಗ ಇತ್ತೇನು?" ಎಂದಳು. ಸ್ವಲ್ಪ ತಡೆದು, "ಕಾಣಸ್ತು" ಎಂದಳು. ಅರುಂಧತಿಯ ವಿಷಯದಲ್ಲಿ ಭಟ್ಟರಿಗೆ ಹೇಳಿದಂತೆ ಹೇಳಿದಳೋ, ನಿಜವಾಗಿ ಕಂಡಿತೋ, ನಾನು ಕೇಳಲಿಲ್ಲ. ಆಮೇಲೆ ತಾನಾಗಿ ಅಂದಳು: "ಅವತ್ತ ನಾನೂ ಮಾಳಿಗಿಗೆ ಬರಬೇಕಾಗಿತ್ತು. ಅವರು ಎರಡು ಸರತಿ ಕರದಿದ್ರು."

ಅಪ್ಪ ಕರೆದಿದ್ದುದು ನನಗೆ ಗೊತ್ತೇ ಇರಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಹುಡುಗಿಗೆ ಇನ್ನೊಂದು ಸಂಗತಿ ಹೇಳಿದೆ. 2001ರ ಸೆಪ್ಟೆಂಬರ್ 3ರಂದು ಕ್ರಿಮಿಯದ ಯೆವ್ಪತೋರಿಯ ಎಂಬ ಊರಿನ ದೊಡ್ಡ ರೇಡಿಯೋ ಕೊಡೆಯಿಂದ ಆ ತಾರೆಯತ್ತ ಒಂದು ಸಂದೇಶವನ್ನು ಕಳುಹಿಸಿದ್ದಾರೆ. ರಷ್ಯದ ಹದಿಹರೆಯದ ಮಕ್ಕಳು ಅದನ್ನು ಸಿದ್ಧಪಡಿಸುವುದರಲ್ಲಿ ಕೈಗೂಡಿಸಿದ್ದರು. ಥೆರೆಮಿನ್ ಎಂಬ, ತಂತಿಯನ್ನು ಮುಟ್ಟದೆ ನುಡಿಸುವ ವಾದ್ಯದ ಸಂಗೀತವೂ ಅದರೊಡನೆ ಹೋಗಿದೆ. ಅದು ತಲಪುವುದು 2047ರ ಜುಲೈಯಲ್ಲಿ. ಕೇಳುವವರು ಅಲ್ಲಿ ಯಾರಾದರೂ ಇದ್ದು, ಕೇಳಿದೊಡನೆ ಮರುಮಾತು ಕಳುಹಿಸಿದರೆ, ಅದು ನಮಗೆ ಮುಟ್ಟುವುದು 2092ರಲ್ಲಿ.

ಹುಡುಗಿ ಬೆರಳು ಮಡಚಿ ಎಣಿಸಿದಳು. 2047ಕ್ಕೆ ಅವಳಿಗೆ ಮೂವತ್ತೊಂದು, 2092ಕ್ಕೆ ಎಪ್ಪತ್ತಾರು.

"ಅಜ್ಜೀಕಿಂತ ಸಣ್ಣಾಕೀನ ಇರ್ತೀನಿ" ಎಂದಳು.

"ಹಂಗಾದ್ರ ನೀನ ಕೇಳಿಸ್ಕೋ" ಎಂದಳು ಅವ್ವ, "ಮಾಳಿಗೀ ಮ್ಯಾಲೆ ಹೋಗಿ."

ಹುಡುಗಿ ನನ್ನ ಲೇಖನಿಯನ್ನು ಕಸಿದುಕೊಂಡು ಎರಡೂ ಇಸವಿಗಳನ್ನು ಕರದಂಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಟ್ಟಳು. ಮರುದಿನ ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತುವ ಮುನ್ನ ಆ ಪೆಟ್ಟಿಗೆಯನ್ನು ನಮಗೆ ಕೊಟ್ಟರು. ಮುಚ್ಚಳವನ್ನು ಮಾತ್ರ ಅವಳು ಕೊಡಲಿಲ್ಲ.